ರ‍್ಯಾಪರ್ ಹೊರಟ ಮೇಲೂ ಅದೇ ಬ್ಯಾಂಡಾ?

ಪ್ರಶ್ನೆ: ಸರ್, ನಾವು ಹುಬ್ಬಳ್ಳಿಯ ಐದು ಜನ. 2019ರಲ್ಲಿ ಕಾಲೇಜಿನಲ್ಲಿದ್ದಾಗ ಕನ್ನಡದಲ್ಲಿ ರ‍್ಯಾಪ್-ಮೆಟಲ್ ಬ್ಯಾಂಡ್ ಶುರು ಮಾಡಿದೆವು, ಅಂದರೆ ಮೆಟಲ್ ಗಿಟಾರಿನ ಮೇಲೆ ರ‍್ಯಾಪ್. ಲೇಬಲ್ (ರೆಕಾರ್ಡ್ ಕಂಪನಿ) ಇಲ್ಲ, ಮ್ಯಾನೇಜರ್ ಇಲ್ಲ. 2022ರಲ್ಲಿ ಎಲ್ಲರೂ ಕೈಯಿಂದ ದುಡ್ಡು ಹಾಕಿ ಐದು ಹಾಡಿನ ಇಪಿ (ಪುಟ್ಟ ಆಲ್ಬಂ) ಬಿಟ್ಟೆವು. ಆಮೇಲೆ ಡ್ರಮ್ಮರ್‌ಗೆ ಪುಣೆಯಲ್ಲಿ ಕೆಲಸ ಸಿಕ್ಕಿತು, ಹೋದ. ಹೊಸ ಹುಡುಗ ಚೆನ್ನಾಗಿ ಬಾರಿಸುತ್ತಾನೆ, ಆದರೂ ಹಳೇ ಹಾಡುಗಳು ಯಾಕೋ ಕೂರುತ್ತಿಲ್ಲ. ಈಗ ರ‍್ಯಾಪರ್ ತಾನು ಒಬ್ಬನೇ ಮಾಡುತ್ತೇನೆ ಅನ್ನುತ್ತಿದ್ದಾನೆ. ಹೆಸರು ಇಟ್ಟಿದ್ದು ತಾನೇ, ಆದ್ದರಿಂದ ಹೆಸರು ತನ್ನದು, ಸಾಹಿತ್ಯ ಬರೆದಿದ್ದೂ ತಾನೇ, ಬೇಕಿದ್ದರೆ ಹಾಡುಗಳನ್ನೇ ತೆಗೆಸುತ್ತೇನೆ ಅಂತಾನೆ. ಗೆಳೆಯರೆಲ್ಲ 'ಅವ್ನ ಹೋದ್ರ ಬ್ಯಾಂಡ್ ಎಲ್ಲಿ ಉಳೀತೈತಿ' ಅಂತಾರೆ. ಲೇಬಲ್ ಇದ್ದಿದ್ದರೆ ಹೀಗೆ ಆಗುತ್ತಿರಲಿಲ್ಲ ಅಂತಲೂ ಹೇಳುತ್ತಾರೆ. ನಾನು ಗಿಟಾರಿಸ್ಟ್. ರಿಫ್‌ಗಳೆಲ್ಲ, ಅಂದರೆ ಹಾಡಿನಲ್ಲಿ ಮತ್ತೆ ಮತ್ತೆ ಬರುವ ಗಿಟಾರ್ ತುಣುಕುಗಳೆಲ್ಲ, ನನ್ನವು. ನನಗೆ ಅಮೆರಿಕದ ರ‍್ಯಾಪ್-ಮೆಟಲ್ ಬ್ಯಾಂಡ್ ಹೆಡ್ ಪಿ.ಇ. ಅಂದರೆ ಪ್ರಾಣ. ಅಲ್ಲಿ ಶುರುವಿನಿಂದ ಇದ್ದವರು ಈಗ ಒಬ್ಬರೇ ಉಳಿದಿದ್ದಾರೆ, ಆದರೂ ಬ್ಯಾಂಡ್ ನಡೆಯುತ್ತಿದೆ. ನಮ್ಮದು ಯಾಕೆ ನಡೆಯಬಾರದು? ಏನು ಮಾಡಲಿ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಇದು ಹೆಸರಿನ ಜಗಳ ಅನ್ನಿಸಿತು. ಎರಡನೇ ಸಲ ಓದಿದಾಗ ನಿಮ್ಮನ್ನು ಕೊರೆಯುತ್ತಿರುವುದು ಬೇರೆ ಅಂತ ಗೊತ್ತಾಯಿತು. ಇಷ್ಟು ವರ್ಷ ಕಟ್ಟಿದ್ದು ಐದೂ ಜನರದ್ದಾ, ಇಲ್ಲ ಒಬ್ಬನ ಹಿಂದೆ ನಿಂತು ನಾವು ವಾದ್ಯ ಬಾರಿಸಿದ್ದೆವಾ? ನೀವು ಕೇಳುತ್ತಿರುವುದು ಇದನ್ನೇ ಅಲ್ವಾ? ಇಪ್ಪತ್ತು ವರ್ಷದಿಂದ ಬೆಂಗಳೂರಿನಲ್ಲಿ ಬ್ಯಾಂಡ್‌ಗಳಿಗೆ ಲೈವ್ ಸೌಂಡ್ ಮಾಡುತ್ತಿದ್ದೇನೆ. ಮೂರು ಬ್ಯಾಂಡ್‌ಗಳ ಲೆಕ್ಕಪತ್ರವನ್ನೂ ನೋಡಿಕೊಂಡಿದ್ದೇನೆ. ಈ ಪ್ರಶ್ನೆ ಪ್ರತಿಯೊಂದು ಬ್ಯಾಂಡಿನಲ್ಲೂ ಬಂದಿದೆ. ಆದರೆ ರ‍್ಯಾಪ್-ಮೆಟಲ್‌ನಲ್ಲಿ ಬಂದಾಗ ಜಾಸ್ತಿ ನೋಯಿಸುತ್ತದೆ. ಯಾಕೆ ಅಂದರೆ ಇಲ್ಲಿ ಕೇಳುವವರ ತಲೆಯಲ್ಲಿ ಎರಡು ವಿಷಯ ಒಟ್ಟಿಗೆ ಕೂತಿರುತ್ತವೆ, ಒಂದು ದನಿ, ಇನ್ನೊಂದು ರಿಫ್. ಎರಡರಲ್ಲಿ ಬ್ಯಾಂಡ್ ಯಾವುದು ಅಂತ ಒಳಗಿರುವವರಿಗೇ ಎಷ್ಟೋ ಸಲ ಗೊತ್ತಿರುವುದಿಲ್ಲ.

ನೀವೇ ಹೆಡ್ ಪಿ.ಇ. ಹೆಸರು ಎತ್ತಿದ್ದೀರಿ. ಅಲ್ಲಿಂದಲೇ ಶುರು ಮಾಡೋಣ. ಆ ಬ್ಯಾಂಡಿನ ಕಥೆಯಲ್ಲಿ ನಿಮ್ಮ ಅರ್ಧ ಪ್ರಶ್ನೆಗೆ ಉತ್ತರ ಇದೆ. ಉಳಿದರ್ಧಕ್ಕೆ ಇನ್ನೊಂದು ಬ್ಯಾಂಡ್ ಬೇಕು, ಅದಕ್ಕೂ ಬರುತ್ತೇನೆ.

ಹೆಡ್ ಪಿ.ಇ. ಹುಟ್ಟಿದ್ದು 1994ರಲ್ಲಿ, ಕ್ಯಾಲಿಫೋರ್ನಿಯಾದ ಹಂಟಿಂಗ್ಟನ್ ಬೀಚ್‌ನಲ್ಲಿ. ಹುಟ್ಟುಹಾಕಿದವರು ಇಬ್ಬರು: ದನಿ ಜಾರೆಡ್ ಗೋಮ್ಸ್, ಗಿಟಾರ್ ವೆಸ್ ಗೀರ್. ಬೇಸ್‌ಗೆ ಮಾಕ್, ಡ್ರಮ್ಸ್‌ಗೆ ಬಿ.ಸಿ., ಟರ್ನ್‌ಟೇಬಲ್‌ಗೆ ಡಿಜೆ ಪ್ರಾಡಕ್ಟ್ ಇದ್ದರು. ತಮ್ಮ ಸಂಗೀತಕ್ಕೆ ಅವರೇ ಇಟ್ಟ ಹೆಸರು ಜಿ-ಪಂಕ್. ಗ್ಯಾಂಗ್‌ಸ್ಟಾ ರ‍್ಯಾಪ್ ಮತ್ತು ಪಂಕ್ ಎರಡೂ ಸೇರಿದ್ದು. 1995ರಲ್ಲಿ ಮೊದಲ ಇಪಿಯನ್ನು ನಿಮ್ಮ ಹಾಗೆಯೇ ಸ್ವಂತ ದುಡ್ಡಲ್ಲಿ ಬಿಟ್ಟರು. ಇನ್ನೊಂದು ವಿಷಯವನ್ನೂ ಗಮನಿಸಿ. ಬ್ಯಾಂಡಿನ ಹೆಸರು ಮೊದಲು ಬರೀ 'ಹೆಡ್' ಅಂತ ಇತ್ತು. ಅದೇ ಹೆಸರು ಬೇರೆಯವರೂ ಇಟ್ಟುಕೊಂಡಿದ್ದರಿಂದ ಕಾನೂನಿನ ತಕರಾರು ಬರಬಹುದು ಅಂತ 'ಪ್ಲಾನೆಟ್ ಅರ್ಥ್' ಸೇರಿಸಿ ಪಿ.ಇ. ಮಾಡಿಕೊಂಡರು. ಹೆಸರಿನ ತೊಂದರೆ ಅವರಿಗೆ ಮೊದಲ ದಿನಗಳಲ್ಲೇ ಬಂತು, ಬಂದಿದ್ದೂ ಹೊರಗಿನಿಂದ. ನಿಮಗೆ ಒಳಗಿನಿಂದ ಬಂದಿದೆ.

1997ರಲ್ಲಿ ಜೈವ್ ರೆಕಾರ್ಡ್ಸ್ ಇವರ ಮೊದಲ ಆಲ್ಬಂ ಬಿಟ್ಟಿತು. ಬ್ಯಾಕ್‌ಸ್ಟ್ರೀಟ್ ಬಾಯ್ಸ್, ಬ್ರಿಟ್ನಿ ಸ್ಪಿಯರ್ಸ್ ಇವರನ್ನೆಲ್ಲ ಬೆಳೆಸಿದ ಅದೇ ಜೈವ್. 2000ದ 'ಬ್ರೋಕ್' ಅಮೆರಿಕದ ಬಿಲ್‌ಬೋರ್ಡ್ 200 ಆಲ್ಬಂ ಪಟ್ಟಿಯಲ್ಲಿ 63ನೇ ಜಾಗಕ್ಕೆ ಹೋಯಿತು. 2003ರ 'ಬ್ಲ್ಯಾಕೌಟ್' 33ನೇ ಜಾಗಕ್ಕೆ ಏರಿತು. ಅಂಕಿ ನೋಡಿದರೆ ಬ್ಯಾಂಡ್ ಮೇಲೇ ಹೋಗುತ್ತಿದೆ. ಆದರೆ ಒಡೆದಿದ್ದು ಆಗಲೇ. ಜೈವ್ ಜೊತೆಗಿನ ಸಂಬಂಧ ಮುಗಿಯಿತು. ಹುಟ್ಟುಹಾಕಿದ ಇಬ್ಬರಲ್ಲಿ ಒಬ್ಬರಾದ ವೆಸ್ ಗೀರ್ ಹೊರಟರು, ಡ್ರಮ್ಮರ್ ಬಿ.ಸಿ. ಕೂಡ ಹೊರಟರು.

ಲೇಬಲ್ ಇದ್ದಿದ್ದರೆ ಬ್ಯಾಂಡ್ ಒಡೆಯುತ್ತಿರಲಿಲ್ಲ ಅಂತ ನಿಮ್ಮ ಗೆಳೆಯರು ಅಂತಾರಲ್ಲ, ಅವರಿಗೆ ಇದನ್ನು ಹೇಳಿ. ಹೆಡ್ ಪಿ.ಇ. ಚರಿತ್ರೆಯ ದೊಡ್ಡ ಬಿರುಕು ಬಿಟ್ಟಿದ್ದು ದೊಡ್ಡ ಲೇಬಲ್‌ನ ಕಾಲ ಮುಗಿಯುವ ಹೊತ್ತಿಗೆ, ಚಾರ್ಟ್‌ನಲ್ಲಿ ಅತಿ ಮೇಲಿದ್ದಾಗ. 2004ರ ಆಲ್ಬಂ ಕಾಕ್ ರೆಕಾರ್ಡ್ಸ್‌ನಲ್ಲಿ ಬಂತು. 2006ರಿಂದ ಸಬರ್ಬನ್ ನಾಯ್ಸ್ ಅನ್ನುವ ಸ್ವತಂತ್ರ ಲೇಬಲ್ ಸೇರಿದರು. ಅದನ್ನು ನಡೆಸುತ್ತಿದ್ದವರಲ್ಲಿ ಕಾಟನ್‌ಮೌತ್ ಕಿಂಗ್ಸ್ ಬ್ಯಾಂಡಿನವರೂ ಇದ್ದರು. ಅಂದರೆ ಸಂಗೀತಗಾರರೇ ಕಟ್ಟಿದ ಮನೆ. ಆ ಸಣ್ಣ ಮನೆಯಲ್ಲಿ ಜಾರೆಡ್, ಹೊಸ ಗಿಟಾರಿಸ್ಟ್ ಜಾಕ್ಸನ್, ಮಾಕ್, ಡಿಜೆ ಪ್ರಾಡಕ್ಟ್ ವರ್ಷಗಟ್ಟಲೆ ಒಟ್ಟಿಗೇ ಇದ್ದರು. ಬದಲಾಗುತ್ತಾ ಹೋದವರು ಡ್ರಮ್ಮರ್‌ಗಳು: ಮೋಕ್, ಟೈನಿ ಬಬ್ಸ್, ಆಮೇಲೆ ಟ್ರಾಮಾ. ಮುಂದಿನ ದಶಕದಲ್ಲಿ ಮಾಕ್ ಹೋದರು, ಪ್ರಾಡಕ್ಟ್ ಹೋದರು, ಜಾಕ್ಸನ್ ಹೋದರು. ಶುರುವಿನಿಂದ ಇದ್ದವರಲ್ಲಿ ಜಾರೆಡ್ ಒಬ್ಬರೇ ಉಳಿದರು. 2023ರಲ್ಲೂ ಆ ಹೆಸರಿನಲ್ಲಿ ಆಲ್ಬಂ ಬಂದಿದೆ.

ದೊಡ್ಡ ಲೇಬಲ್ ಯಾಕೆ ಜನರನ್ನು ಹಿಡಿದಿಡುವುದಿಲ್ಲ? ಲೇಬಲ್ ಕೊಡುವ ಮುಂಗಡ ಸಂಬಳ ಅಲ್ಲ. ನಿಮ್ಮ ರಾಯಲ್ಟಿಯಿಂದಲೇ (ಹಾಡಿನ ಗಳಿಕೆಯಲ್ಲಿ ನಿಮಗೆ ಬರುವ ಪಾಲು) ಮುರಿದುಕೊಳ್ಳುವ ಹಣ ಅದು. ರೆಕಾರ್ಡಿಂಗ್ ಖರ್ಚು, ವಿಡಿಯೋ ಖರ್ಚಿನ ಒಂದು ಭಾಗ, ಟೂರಿಗೆ ಕೊಟ್ಟ ನೆರವು, ಎಲ್ಲ ಅದರ ಮೇಲೆ ಹತ್ತುತ್ತಾ ಹೋಗುತ್ತದೆ. ಅದು ತೀರುವವರೆಗೆ ಬ್ಯಾಂಡಿನವರ ಕೈಗೆ ರೆಕಾರ್ಡ್‌ನಿಂದ ಏನೂ ಬರುವುದಿಲ್ಲ. ಹೊರಗಿನವರಿಗೆ 33ನೇ ಜಾಗ ಕಾಣುತ್ತದೆ, ಒಳಗೆ ಬಾಡಿಗೆ ಕಟ್ಟೋಕೆ ಒದ್ದಾಡುತ್ತಿರುತ್ತಾರೆ. ಇನ್ನೊಂದು ಇದೆ. ಅಮೆರಿಕದ ಲೇಬಲ್ ಒಪ್ಪಂದಗಳಲ್ಲಿ ಬ್ಯಾಂಡ್ ಬಿಟ್ಟು ಹೋಗುವವರ ಬಗ್ಗೆಯೇ ಒಂದು ಷರತ್ತು ಇರುವುದು ಮಾಮೂಲಿ. ಬಿಟ್ಟು ಹೋದವರು ಮುಂದೆ ಮಾಡುವ ರೆಕಾರ್ಡ್ ಮೇಲೂ ಲೇಬಲ್ ಮೊದಲ ಹಕ್ಕು ಕೇಳುತ್ತದೆ. ಜನ ಹೋಗುತ್ತಾರೆ ಅಂತ ಲೇಬಲ್‌ಗಳಿಗೆ ಮೊದಲೇ ಗೊತ್ತು. ಅವರು ಅದನ್ನು ತಡೆಯುವುದಿಲ್ಲ, ಕಾಗದದಲ್ಲಿ ಬರೆದಿಟ್ಟುಕೊಳ್ಳುತ್ತಾರೆ ಅಷ್ಟೇ. ಲೇಬಲ್‌ನವರಿಂದ ನೀವು ಕಲಿಯಬೇಕಾದ್ದು ಇದೊಂದನ್ನೇ.

ಬಿಟ್ಟು ಹೋದವರು ಮುಳುಗಿ ಹೋದರಾ? ಇಲ್ಲ. ವೆಸ್ ಗೀರ್ 2010ರಿಂದ 2013ರವರೆಗೆ ಕಾರ್ನ್ ಬ್ಯಾಂಡಿನ ಜೊತೆ ಟೂರಿಂಗ್ ಗಿಟಾರಿಸ್ಟ್ ಆಗಿದ್ದರು. 2012ರಲ್ಲಿ ರಾಕ್ ಟು ರಿಕವರಿ ಅನ್ನುವ ಸಂಸ್ಥೆ ಶುರು ಮಾಡಿದರು. ಕುಡಿತ, ಡ್ರಗ್ಸ್ ಚಟದಿಂದ ಹೊರಬರುತ್ತಿರುವವರನ್ನು ಕೂರಿಸಿಕೊಂಡು, ವಾದ್ಯ ಬರದವರ ಕೈಯಲ್ಲೂ ಹಾಡು ಮಾಡಿಸುವ ಕೆಲಸ ಅದು. ಇದನ್ನು ನಿಮ್ಮ ರ‍್ಯಾಪರ್‌ಗೆ ಹೋಲಿಸಿ ಹೇಳುತ್ತಿಲ್ಲ. ಬ್ಯಾಂಡ್ ಬಿಡುವವನನ್ನು ದ್ರೋಹಿ ಅಂತ ನೋಡುವ ಅಭ್ಯಾಸ ನಮ್ಮಲ್ಲಿ ಜಾಸ್ತಿ. ಅದು ಬಿಟ್ಟರೆ ಮುಂದಿನ ಮಾತುಕತೆ ಸುಲಭ ಆಗುತ್ತದೆ, ಅದಕ್ಕೆ ಹೇಳಿದೆ.

ಈಗ ಒಂದು ಕಷ್ಟದ ಮಾತು. ನೀವು ಹೆಡ್ ಪಿ.ಇ.ಯನ್ನು ಧೈರ್ಯಕ್ಕೆ ಇಟ್ಟುಕೊಂಡಿದ್ದೀರಿ, ಆದರೆ ನಿಮ್ಮ ಪರಿಸ್ಥಿತಿ ಅದರ ತದ್ವಿರುದ್ಧ. ಅಲ್ಲಿ ಉಳಿದಿದ್ದು ದನಿ. ರಿಫ್ ಬರೆಯುತ್ತಿದ್ದವರು ಹೋದರು, ತಾಳ ಹಿಡಿದವರು ಹೋದರು, ಕೊನೆಕೊನೆಗೆ ರೆಗ್ಗೆ ಜಾಸ್ತಿ ಬಂದು ಸಂಗೀತವೇ ಅರ್ಧ ಬದಲಾಯಿತು, ಆದರೂ ಮೊದಲ ಸಾಲು ಕೇಳಿದ ತಕ್ಷಣ ಅದು ಜಾರೆಡ್ ಅಂತ ಗೊತ್ತಾಗುತ್ತದೆ. ನಿಮ್ಮಲ್ಲಿ ಹೋಗುತ್ತಿರುವುದೇ ದನಿ. ಹಾಗಾಗಿ ನಿಮಗೆ ಬೇಕಾದ ಉದಾಹರಣೆ ಜಾರ್ಜಿಯಾದ ಅಟ್ಲಾಂಟಾದಲ್ಲಿದೆ. ಬ್ಯಾಂಡಿನ ಹೆಸರು ಸ್ಟಕ್ ಮೋಜೋ.

ಇದು 1989ರಲ್ಲಿ ಶುರುವಾದ ಬ್ಯಾಂಡ್, ರ‍್ಯಾಪ್-ಮೆಟಲ್‌ಗೆ ದಾರಿ ಮಾಡಿದವರಲ್ಲಿ ಒಂದು. ಗಿಟಾರ್ ರಿಚ್ ವಾರ್ಡ್, ದನಿ ಬಾಂಜ್. 1995ರಿಂದ ಸೆಂಚುರಿ ಮೀಡಿಯಾ ಅನ್ನುವ ಸ್ವತಂತ್ರ ಮೆಟಲ್ ಲೇಬಲ್‌ನಲ್ಲಿ ಆಲ್ಬಂ ಬಿಟ್ಟರು. 2000ದ ಆಲ್ಬಂ ಆದ ಮೇಲೆ ಬ್ಯಾಂಡ್ ನಿಂತುಹೋಯಿತು. ರಿಚ್ ವಾರ್ಡ್ ಅಷ್ಟರಲ್ಲೇ ಕುಸ್ತಿಪಟು ಕ್ರಿಸ್ ಜೆರಿಕೋ ಜೊತೆ ಫಾಜಿ ಅನ್ನುವ ಬ್ಯಾಂಡಿನಲ್ಲೂ ಇದ್ದರು. 2005ರ ಸುಮಾರಿಗೆ ಸ್ಟಕ್ ಮೋಜೋ ಮತ್ತೆ ಎದ್ದಿತು. ಆದರೆ ಬಾಂಜ್ ಉಳಿಯಲಿಲ್ಲ. ಲಾರ್ಡ್ ನೆಲ್ಸನ್ ಅನ್ನುವ ಹೊಸ ರ‍್ಯಾಪರ್ ಬಂದರು. 2007ರ ಆಲ್ಬಂ ಅನ್ನು ಮೊದಲು ಇಂಟರ್ನೆಟ್‌ನಲ್ಲಿ ಪುಕ್ಕಟೆ ಬಿಟ್ಟರು. ಹೊಸ ದನಿಯನ್ನು ಜನ ಒಂದು ಸಲ ಕೇಳಿ ನೋಡಲಿ ಅನ್ನೋಕೆ ಇದಕ್ಕಿಂತ ಸರಳ ದಾರಿ ನನಗೆ ಗೊತ್ತಿಲ್ಲ. ದುಡ್ಡು ಕೊಟ್ಟು ಕೊಳ್ಳಬೇಕು ಅಂದರೆ ಹಳೇ ಅಭಿಮಾನಿ ಹಿಂದೆಮುಂದೆ ನೋಡುತ್ತಾನೆ. ಪುಕ್ಕಟೆ ಅಂದರೆ ಬೈಯೋಕಾದರೂ ಒಂದು ಸಲ ಕೇಳುತ್ತಾನೆ. 2016ರ ಆಲ್ಬಂ ಹೊತ್ತಿಗೆ ಮೂರನೇ ರ‍್ಯಾಪರ್, ರಾಬಿ ಜೆ. ಮೂರು ದನಿ ಬಂದರೂ ಅದು ಸ್ಟಕ್ ಮೋಜೋ ಆಗಿಯೇ ಇತ್ತು, ಯಾಕೆ ಅಂದರೆ ರಿಚ್ ವಾರ್ಡ್‌ನ ಬಲಗೈ ಬದಲಾಗಲಿಲ್ಲ. ಆದರೂ ನಿಮಗೆ ಸುಳ್ಳು ಧೈರ್ಯ ಹೇಳುವುದಿಲ್ಲ. ಇವತ್ತಿಗೂ ಹಳೇ ಕೇಳುಗರಲ್ಲಿ ಬಾಂಜ್ ಇದ್ದಾಗಿನ ನಾಲ್ಕು ಆಲ್ಬಂಗಳನ್ನೇ ಎತ್ತಿ ಮಾತಾಡುವವರು ಜಾಸ್ತಿ. ರ‍್ಯಾಪರ್ ಬದಲಾದರೆ ಬ್ಯಾಂಡ್ ಸಾಯುವುದಿಲ್ಲ, ಆದರೆ ಹೋಲಿಕೆ ಮಾತ್ರ ಬಿಡುವುದಿಲ್ಲ.

ಹಾಗಾದರೆ ನಿಮ್ಮದು ಯಾವ ಥರದ ಬ್ಯಾಂಡ್? ಇದನ್ನು ಊಹೆ ಮಾಡಬೇಡಿ, ಪರೀಕ್ಷೆ ಮಾಡಿ. ನಿಮ್ಮ ಇಪಿಯ ಮಲ್ಟಿಟ್ರ್ಯಾಕ್ ಫೈಲುಗಳು, ಅಂದರೆ ದನಿ, ಗಿಟಾರ್, ಡ್ರಮ್ಸ್ ಬೇರೆಬೇರೆಯಾಗಿ ಇರುವ ಫೈಲುಗಳು, ಇರುತ್ತವಲ್ಲ, ಅದರಲ್ಲಿ ದನಿಯನ್ನು ಮ್ಯೂಟ್ ಮಾಡಿ ಐದೂ ಹಾಡು ಕೇಳಿ. ಆಮೇಲೆ ಗಿಟಾರ್ ಮ್ಯೂಟ್ ಮಾಡಿ ಬರೀ ದನಿ, ಡ್ರಮ್ಸ್, ಬೇಸ್ ಕೇಳಿ. ಯಾವುದನ್ನು ತೆಗೆದಾಗ ಹಾಡು ಗುರುತೇ ಸಿಗದ ಹಾಗೆ ಆಗುತ್ತದೆ ಅಂತ ಬರೆದುಕೊಳ್ಳಿ. ನೀವೊಬ್ಬರೇ ಕೇಳಬೇಡಿ, ನಿಮ್ಮ ಕಿವಿ ನಿಮ್ಮ ರಿಫ್ ಕಡೆಗೇ ವಾಲುತ್ತದೆ. ನಿಮ್ಮ ಶೋಗೆ ಬಂದಿದ್ದ ಇಬ್ಬರನ್ನು ಕೂರಿಸಿ ಕೇಳಿಸಿ. ಇದನ್ನು ನಾನು ಒಂದು ಬ್ಯಾಂಡಿಗೆ ಮಾಡಿಸಿದ್ದೆ. ಮೂರು ಹಾಡು ರ‍್ಯಾಪರ್ ಇಲ್ಲದೆಯೂ ನಿಂತವು. ಎರಡು ಪೂರ್ತಿ ಬಿದ್ದುಹೋದವು. ಆ ಎರಡನ್ನು ಅವರು ಆಮೇಲೆ ಯಾವತ್ತೂ ಬಾರಿಸಲಿಲ್ಲ. ಉಳಿದ ಮೂರು ಇಟ್ಟುಕೊಂಡು ಬ್ಯಾಂಡ್ ಮುಂದುವರಿಯಿತು.

ಡ್ರಮ್ಮರ್ ವಿಷಯಕ್ಕೆ ಬರುತ್ತೇನೆ. ಪತ್ರದಲ್ಲಿ ನೀವು ಅದನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ, ಆದರೆ ನನ್ನ ಅನುಮಾನ, ನಿಮ್ಮ ರ‍್ಯಾಪರ್‌ನ ಅಸಮಾಧಾನ ಶುರುವಾಗಿದ್ದೇ ಅಲ್ಲಿ. ಮಾಮೂಲಿ ಮೆಟಲ್ ಬ್ಯಾಂಡಿನಲ್ಲಿ ಹಾಡುವವನು ರಾಗದ ಮೇಲೆ ತೇಲಿಕೊಂಡು ಹೋಗಬಹುದು. ರ‍್ಯಾಪರ್ ಕೂರುವುದು ಸ್ನೇರ್ ಮೇಲೆ, ಅಂದರೆ ಡ್ರಮ್ ಸೆಟ್ಟಿನಲ್ಲಿ ಚಟ್ ಅಂತ ಪೆಟ್ಟು ಕೊಡುವ ಡ್ರಮ್ ಮೇಲೆ. ಕನ್ನಡದಲ್ಲಂತೂ ಇದು ಇನ್ನೂ ಜಾಸ್ತಿ. ನಮ್ಮ ಒತ್ತಕ್ಷರ ಇರುವ ಪದಗಳು, 'ಕಟ್ಟು', 'ಸುಟ್ಟು', 'ಅಪ್ಪ', 'ಹೊಟ್ಟೆ', ಬಾಯಲ್ಲೇ ಒಂದು ಪೆಟ್ಟು ಕೊಡುತ್ತವೆ. ಬರೆಯುವವನು ಅದನ್ನು ಗೊತ್ತಿದ್ದೋ ಗೊತ್ತಿಲ್ಲದೆಯೋ ಸ್ನೇರ್ ಬೀಳುವ ಜಾಗದಲ್ಲೇ ಇಟ್ಟಿರುತ್ತಾನೆ. ಹಿಪ್-ಹಾಪ್ ಕೇಳಿ ಬೆಳೆದ ಡ್ರಮ್ಮರ್ ಸ್ನೇರ್ ಅನ್ನು ಒಂದು ಕೂದಲೆಳೆಯಷ್ಟು ತಡವಾಗಿ ಹೊಡೆಯುತ್ತಾನೆ, ಪದಕ್ಕೆ ಉಸಿರಾಡೋಕೆ ಜಾಗ ಸಿಗುತ್ತದೆ. ಬರೀ ಮೆಟಲ್ ಬಾರಿಸಿ ಬಂದವನು ಸರಿಯಾಗಿ ಕ್ಲಿಕ್ (ತಾಳ ತೋರಿಸುವ ಟಿಕ್ ಸದ್ದು) ಮೇಲೆ, ಕೆಲವು ಸಲ ಅದಕ್ಕಿಂತ ಚೂರು ಮುಂದೆ ಹೊಡೆಯುತ್ತಾನೆ. ಇಬ್ಬರದ್ದೂ ತಪ್ಪಲ್ಲ. ಆದರೆ ಒಬ್ಬನಿಗೆ ಅಂತ ಬರೆದ ಸಾಲು ಇನ್ನೊಬ್ಬನ ಕೈಯಲ್ಲಿ ಎಡವುತ್ತದೆ.

ಒಂದು ಶೋನಲ್ಲಿ ಇದನ್ನು ಮಿಕ್ಸರ್ ಹಿಂದೆ ನಿಂತು ಕಣ್ಣಾರೆ ನೋಡಿದ್ದೇನೆ. ಡ್ರಮ್ಮರ್ ಬದಲಾಗಿ ಮೂರೇ ದಿನ ಆಗಿತ್ತು. ಹೊಸಬನ ಕೈ ತುಂಬಾ ಚುರುಕು, ಸೌಂಡ್‌ಚೆಕ್‌ನಲ್ಲಿ ಎಲ್ಲರೂ ತಲೆದೂಗಿದರು. ಎರಡನೇ ಹಾಡಿನ ಹೊತ್ತಿಗೆ ರ‍್ಯಾಪರ್ ಮೈಕ್ ಬಿಟ್ಟು ಹಿಂದೆ ತಿರುಗಿ ತಿರುಗಿ ನೋಡುತ್ತಿದ್ದ. ಸ್ಟೇಜ್ ಮೇಲಿನ ಮಾನಿಟರ್ ಸ್ಪೀಕರ್‌ನಲ್ಲಿ ಕಿಕ್ (ಕಾಲಿನಿಂದ ಬಾರಿಸುವ ಡ್ರಮ್) ಜಾಸ್ತಿ ಮಾಡಿ ಅಂತ ಸನ್ನೆ ಮಾಡಿದ, ಮಾಡಿದೆ. ಇನ್ನೂ ಜಾಸ್ತಿ ಅಂದ, ಮಾಡಿದೆ. ತೊಂದರೆ ಸೌಂಡ್‌ನಲ್ಲಿ ಇರಲಿಲ್ಲ. ಅವನ ಉಸಿರು ಹಿಡಿಯುವ ಜಾಗಗಳೆಲ್ಲ ಮುಚ್ಚಿಹೋಗಿದ್ದವು. ನಾಲ್ಕನೇ ಹಾಡಿನಲ್ಲಿ ಎರಡು ಸಾಲು ನುಂಗಿದ. ಇಳಿದು ಬಂದ ಮೇಲೆ ತನಗೇ ವಯಸ್ಸಾಯಿತೇನೋ, ಇನ್ನು ಈ ಬ್ಯಾಂಡ್ ಆಗುವುದಿಲ್ಲ ಅಂತ ಕೂತ. ವಯಸ್ಸು ಇಪ್ಪತ್ತೇಳು. ಅವನಿಗೆ ಎರಡು ಟ್ರ್ಯಾಕ್ ಪಕ್ಕಪಕ್ಕ ಇಟ್ಟು, ಸ್ನೇರ್ ಎಲ್ಲಿ ಬೀಳುತ್ತಿದೆ ಅಂತ ಪರದೆ ಮೇಲೆ ತೋರಿಸಿದ ಮೇಲೆ ಸಮಾಧಾನ ಆಯಿತು.

ಹಾಗಾಗಿ ನಿಮ್ಮ ರ‍್ಯಾಪರ್ 'ಒಬ್ಬನೇ ಮಾಡುತ್ತೇನೆ' ಅಂದಾಗ, ಅವನಿಗೆ ನಿಜವಾಗಿ ಬೇಕಿರುವುದು ಬೀಟ್ ಮೇಲೆ ಹಿಡಿತ ಇರಬಹುದು. ಒಂದು ಸಲ ಹಳೇ ಹಾಡಿನ ಟೆಂಪೋವನ್ನು ಎರಡು ಮೂರು ಬಿಪಿಎಂ (ನಿಮಿಷಕ್ಕೆ ಬೀಳುವ ತಾಳದ ಪೆಟ್ಟು) ಇಳಿಸಿ, ಹೊಸ ಡ್ರಮ್ಮರ್ ಮತ್ತು ರ‍್ಯಾಪರ್ ಇಬ್ಬರನ್ನೇ ರೂಮಿನಲ್ಲಿ ಬಿಡಿ. ಗಿಟಾರ್ ಇಲ್ಲದೆ ಬಾರಿಸಲಿ. ಇದರಿಂದ ಅವನು ಉಳಿಯುತ್ತಾನೆ ಅಂತ ಮಾತು ಕೊಡಲಾರೆ. ಆದರೆ ಹೊಸ ಡ್ರಮ್ಮರ್‌ಗಂತೂ ಉಪಯೋಗ ಆಗುತ್ತದೆ, ಮುಂದೆ ಯಾರೇ ರ‍್ಯಾಪರ್ ಬಂದರೂ.

ಇನ್ನು ಹೆಸರು. ನಾನು ವಕೀಲನಲ್ಲ, ಆದರೆ ಈ ಕಾಗದಗಳನ್ನು ವಕೀಲರ ಪಕ್ಕದಲ್ಲಿ ಕೂತು ಮಾಡಿಸಿದ್ದೇನೆ. ಹೆಸರು ಹೊಳೆದವನದೇ ಹೆಸರು ಅನ್ನುವುದು ದೊಡ್ಡ ತಪ್ಪು ತಿಳಿವಳಿಕೆ. ನಮ್ಮ ದೇಶದಲ್ಲಿ ಹೆಸರಿನ ಹಕ್ಕು ಹುಟ್ಟುವುದು ಮುಖ್ಯವಾಗಿ ಅದನ್ನು ಬಳಸುವುದರಿಂದ. ಆ ಹೆಸರಿನಲ್ಲಿ ಶೋ ಮಾಡಿದವರು ಯಾರು, ಇಪಿ ಬಿಟ್ಟವರು ಯಾರು, ಟೀ ಶರ್ಟ್ ಮಾರಿದವರು ಯಾರು? ಐದೂ ಜನ. ಆ ಹೆಸರಿಗೆ ಬಂದಿರುವ ಮರ್ಯಾದೆ ಬ್ಯಾಂಡ್ ಅನ್ನುವ ಒಟ್ಟಿಗೆ ಸೇರಿದ್ದು ಅಂತ ವಾದ ಮಾಡಬಹುದು. ನೋಂದಣಿ ಆಗದೇ ಇದ್ದರೂ ಮೊದಲಿಂದ ಬಳಸುತ್ತಾ ಬಂದವರಿಗೆ 1999ರ ಟ್ರೇಡ್‌ಮಾರ್ಕ್ ಕಾಯಿದೆಯಲ್ಲಿ ರಕ್ಷಣೆ ಇದೆ. ಆದರೆ ಇದರ ಇನ್ನೊಂದು ಮುಖವನ್ನೂ ನೋಡಿ. ನೀವೂ ಗುಟ್ಟಾಗಿ ಹೋಗಿ ನಿಮ್ಮೊಬ್ಬರ ಹೆಸರಲ್ಲಿ ನೋಂದಣಿ ಮಾಡಿಸಬಾರದು. ನನ್ನ ಹತ್ತಿರ ಬಂದ ಒಬ್ಬ ಹುಡುಗ ಹಾಗೆ ಮಾಡಿದ್ದ. ಉಳಿದವರಿಗೆ ಗೊತ್ತಾದ ದಿನ ಬ್ಯಾಂಡ್ ಮುಗಿಯಿತು, ಹೆಸರು ಮಾತ್ರ ಅವನ ಕೈಯಲ್ಲಿ ಉಳಿಯಿತು. ನೋಂದಣಿಗೆ ಆನ್‌ಲೈನ್‌ನಲ್ಲಿ ಅರ್ಜಿ ಹಾಕಿದರೆ ವ್ಯಕ್ತಿಗಳಿಗೆ ಒಂದು ವರ್ಗಕ್ಕೆ 4,500 ರೂಪಾಯಿ ಸರ್ಕಾರಿ ಶುಲ್ಕ. ಸಂಗೀತ ಕಾರ್ಯಕ್ರಮ 41ನೇ ವರ್ಗದಲ್ಲಿ ಬರುತ್ತದೆ, ಟೀ ಶರ್ಟ್ 25ರಲ್ಲಿ. ಒಮ್ಮೆ ಆದರೆ 10 ವರ್ಷ, ಆಮೇಲೆ ನವೀಕರಣ. ಉಳಿಯುವವರು ಯಾರು ಅಂತ ತೀರ್ಮಾನ ಆದ ಮೇಲೆ, ಅವರೆಲ್ಲರ ಹೆಸರಲ್ಲಿ ಮಾಡಿಸಿ.

ಹಾಡು ತೆಗೆಸುತ್ತೇನೆ ಅನ್ನುವ ಮಾತಿಗೆ ಸ್ವಲ್ಪ ತಾಳ್ಮೆಯಿಂದ ಉತ್ತರ ಹೇಳಬೇಕು. ಒಂದು ಹಾಡಿನೊಳಗೆ ಮೂರು ಆಸ್ತಿ ಇವೆ. ಸಾಹಿತ್ಯ ಅವನದು, ಅದರಲ್ಲಿ ಎರಡು ಮಾತಿಲ್ಲ. ಸಂಗೀತ ಮಾಡಿದವರದು, ನೀವು ಹೇಳುವ ಪ್ರಕಾರ ರಿಫ್‌ಗಳು ನಿಮ್ಮವು. ಮೂರನೆಯದು ರೆಕಾರ್ಡಿಂಗ್. ಕಾನೂನು ಅದರ ಮಾಲೀಕ ಅನ್ನುವುದು ರೆಕಾರ್ಡಿಂಗ್ ಮಾಡಿಸುವ ಜವಾಬ್ದಾರಿ ಹೊತ್ತವರನ್ನು. ಐದೂ ಜನ ದುಡ್ಡು ಹಾಕಿದ್ದೀರಿ, ಐದೂ ಜನ ಸ್ಟುಡಿಯೋ ಗೊತ್ತು ಮಾಡಿದ್ದೀರಿ ಅಂದರೆ ಐವರದ್ದೂ ಅಂತ ಹೇಳೋಕೆ ಬಲವಾದ ಆಧಾರ ಇದೆ. ಹಾಗಾಗಿ ಎಲ್ಲರೂ ಒಪ್ಪಿ ಬಿಟ್ಟ ಇಪಿಯನ್ನು ಅವನೊಬ್ಬನೇ ಎಳೆದು ಹಾಕುವುದು ಸುಲಭವಲ್ಲ. ಪ್ಲಾಟ್‌ಫಾರ್ಮ್‌ಗೆ ದೂರು ಕೊಟ್ಟು ಕೆಲವು ವಾರ ಇಳಿಸಬಹುದು, ನಿಮಗೆ ತಲೆನೋವು ಕೊಡಬಹುದು. ಆದರೆ ನೀವೂ ಅವನ ಸಾಹಿತ್ಯವನ್ನು ಹೊಸ ರ‍್ಯಾಪರ್ ಬಾಯಲ್ಲಿ ಮತ್ತೆ ರೆಕಾರ್ಡ್ ಮಾಡಿ ಬಿಡಬೇಕು ಅಂದರೆ ಅವನ ಒಪ್ಪಿಗೆ ಬೇಕು. ಇನ್ನೊಂದು ಮಾತು, ಕಾಪಿರೈಟ್ ಕಾಯಿದೆಗೆ 2012ರ ತಿದ್ದುಪಡಿ ಆದ ಮೇಲೆ ಸಾಹಿತ್ಯ ಬರೆದವರ, ಸಂಗೀತ ಮಾಡಿದವರ ರಾಯಲ್ಟಿ ಪಾಲನ್ನು ಕಾಗದಕ್ಕೆ ಸಹಿ ಹಾಕಿಸಿಕೊಂಡು ಕಿತ್ತುಕೊಳ್ಳೋಕೆ ಆಗುವುದಿಲ್ಲ. ಆದ್ದರಿಂದ ಅವನು ಹೋದರೂ ಆ ಐದು ಹಾಡಿನಲ್ಲಿ ಅವನ ಪಾಲು ಹೋಗುವುದಿಲ್ಲ. ಇದನ್ನು ಅವನಿಗೆ ನೀವೇ ಮೊದಲು ಹೇಳಿ. ಅರ್ಧ ಬೆದರಿಕೆ ಭಯದಿಂದ ಬಂದಿರುತ್ತದೆ, ತನ್ನದೆಲ್ಲ ನುಂಗಿಬಿಡುತ್ತಾರೆ ಅನ್ನುವ ಭಯ.

ನೀವು, ಅವನು ಇಬ್ಬರೂ ರಾಯಲ್ಟಿ ಸಂಗ್ರಹಿಸಿ ಹಂಚುವ ಸಂಸ್ಥೆಯಾದ ಐಪಿಆರ್‌ಎಸ್ ಸದಸ್ಯರಾಗಿಲ್ಲ ಅಂತಾದರೆ ಈಗಲೇ ಆಗಿ. ಸಾಹಿತ್ಯ ಯಾರದು, ಸಂಗೀತ ಯಾರದು, ಎಷ್ಟು ಪಾಲು ಅಂತ ಅಲ್ಲಿ ದಾಖಲಾಗುತ್ತದೆ. ನೆನಪಿನ ಮೇಲೆ ಜಗಳ ಆಡೋಕೆ ಜಾಗ ಇರುವುದಿಲ್ಲ.

ಈಗ ನಿಮ್ಮ ಮುಂದಿರುವ ದಾರಿಗಳು. ಅದೇ ಹೆಸರು, ಹೊಸ ರ‍್ಯಾಪರ್ ಅನ್ನುವುದು ಸ್ಟಕ್ ಮೋಜೋ ದಾರಿ. ಇದರಲ್ಲಿ ಅಪಾಯ ಹೊಸಬನಿಗೇ ಜಾಸ್ತಿ. ಧಾರವಾಡ ಸೀಮೆಯ ಮಾತಿನಲ್ಲಿ, ತನ್ನ ಓಣಿ ಬಗ್ಗೆ, ತನ್ನ ಅಪ್ಪನ ಬಗ್ಗೆ ಒಬ್ಬ ಬರೆದ ಸಾಲನ್ನು ಇನ್ನೊಬ್ಬ ಹೇಳಿದರೆ ಮುಂದೆ ನಿಂತವರಿಗೆ ತಕ್ಷಣ ಗೊತ್ತಾಗುತ್ತದೆ. ಹಾಗಾಗಿ ಹಳೇ ಹಾಡಿನಲ್ಲಿ ಎರಡನ್ನೇ ಇಟ್ಟುಕೊಂಡು, ಕನಿಷ್ಠ ನಾಲ್ಕು ಹೊಸ ಹಾಡು ಆಗುವವರೆಗೆ ಸ್ಟೇಜ್ ಹತ್ತಬೇಡಿ. ಹೊಸ ಹೆಸರು ಇಡುವುದು ಎರಡನೇ ದಾರಿ. ಜಗಳ ಅಲ್ಲಿಗೇ ಮುಗಿಯುತ್ತದೆ, ಆದರೆ ಕಾರ್ಯಕ್ರಮ ಕೊಡುವವರಿಗೆ ನೀವು ಮತ್ತೆ ಹೊಸಬರು. ಇಪಿ ಒಂದೇ ಇದೆ, ಕೇಳುಗರು ಸಾವಿರದ ಲೆಕ್ಕದಲ್ಲಿದ್ದಾರೆ ಅಂತಾದರೆ ಕಳೆದುಕೊಳ್ಳುವುದು ನೀವು ಅಂದುಕೊಂಡಷ್ಟು ಇಲ್ಲ.

ಮೂರನೇ ದಾರಿ, ಇಬ್ಬರು ಮೂವರು ತಿರುಳಾಗಿ ಇದ್ದು ಉಳಿದವರನ್ನು ಬೇಕಾದಾಗ ಸೇರಿಸಿಕೊಳ್ಳುವುದು. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ನಿಮ್ಮಂಥವರಿಗೆ ಹೊಂದುವುದು ಅದೇ ಅಂತ ನನ್ನ ಅಭಿಪ್ರಾಯ. ದೆಹಲಿಯ ಮೆಟಲ್ ಬ್ಯಾಂಡ್ ಬ್ಲಡಿವುಡ್ ನಿಮಗೆ ಗೊತ್ತೇ ಇದೆ. 2016ರಲ್ಲಿ ಕರಣ್ ಕಟಿಯಾರ್ ಮತ್ತು ಜಯಂತ್ ಭದುಲಾ ಇಬ್ಬರು ಶುರು ಮಾಡಿದ್ದು. ಕರಣ್ ಮೊದಲು ವಕೀಲರಾಗಿ ಕೆಲಸ ಮಾಡುತ್ತಿದ್ದವರು. ರ‍್ಯಾಪರ್ ರೌಲ್ ಕೆರ್ ಮೊದಲು ಒಂದು ಹಾಡಿಗೆ ಅತಿಥಿಯಾಗಿ ಬಂದು ಆಮೇಲೆ ಒಳಗಿನವರಾದರು. ಈ ಮೂವರೇ ಬ್ಯಾಂಡಿನ ತಿರುಳು. ಡ್ರಮ್ಸ್, ಬೇಸ್, ಢೋಲ್ ಬಾರಿಸುವವರು ಟೂರಿಗೆ ಸೇರಿ, ಸ್ಟೇಜ್ ಮೇಲೆ ಆರು ಜನ ಆಗುತ್ತಾರೆ. 2019ರಲ್ಲಿ ಜರ್ಮನಿಯ ದೊಡ್ಡ ಮೆಟಲ್ ಉತ್ಸವ ವಾಕನ್‌ನಲ್ಲಿ ಬಾರಿಸಿದರು. 2022ರ ಫೆಬ್ರವರಿಯಲ್ಲಿ ಮೊದಲ ಸ್ವಂತ ಹಾಡುಗಳ ಆಲ್ಬಂ 'ರಕ್ಷಕ್' ಅನ್ನು ಯಾವ ಲೇಬಲ್ ಇಲ್ಲದೆ ತಾವೇ ಬಿಟ್ಟರು. ಲೇಬಲ್ ಜೊತೆ ಕೈ ಜೋಡಿಸಿದ ಆಲ್ಬಂ ಬಂದಿದ್ದು 2025ರಲ್ಲಿ, ಅಷ್ಟು ಹೊತ್ತಿಗೆ ಅವರ ಕೈಯಲ್ಲಿ ಕೇಳುಗರಿದ್ದರು. ಬೀಟ್, ಗಿಟಾರ್, ಕೊಳಲು, ಪ್ರೊಡಕ್ಷನ್ ಹೆಚ್ಚುಕಮ್ಮಿ ಕರಣ್ ಕೈಯಲ್ಲೇ ಇರುವುದರಿಂದ ಸ್ಟೇಜ್ ಮೇಲೆ ಯಾರಾದರೂ ಬದಲಾದರೂ ಹಾಡು ಬರೆಯುವ ಕೆಲಸ ನಿಲ್ಲುವುದಿಲ್ಲ.

ಅದೇ ಥರ ನೀವು ಮತ್ತು ಬೇಸಿಸ್ಟ್ ತಿರುಳು ಅಂತ ಇಟ್ಟುಕೊಳ್ಳಿ. ಡ್ರಮ್ಮರ್‌ಗೆ ಶೋಗೆ ಇಷ್ಟು ಅಂತ ಮೊದಲೇ ಹೇಳಿ. ಹಾಡಿಗೊಬ್ಬ ರ‍್ಯಾಪರ್, ಬೇಕಾದರೆ ನಿಮ್ಮ ಹಳೇ ರ‍್ಯಾಪರ್ ಕೂಡ ಅತಿಥಿಯಾಗಿ ಬರಬಹುದು. ಅವನ ಸ್ವಂತ ಕೆಲಸವೂ ಆಗುತ್ತದೆ, ನಿಮ್ಮದೂ ನಿಲ್ಲುವುದಿಲ್ಲ. ಇದರ ಅಪಾಯ ದುಡ್ಡಿನದು. ಒಂದು ಶೋಗೆ 30,000 ಸಿಕ್ಕಿತು ಅಂದುಕೊಳ್ಳಿ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ನಾನೂರು ಕಿಲೋಮೀಟರ್ ಮೇಲೆ, ಗಾಡಿ, ಊಟ, ರಾತ್ರಿ ಉಳಿಯೋಕೆ ಜಾಗ ಎಲ್ಲ ಸೇರಿ 18,000 ಹೋಯಿತು. ಉಳಿದ 12,000ದಲ್ಲಿ ಡ್ರಮ್ಮರ್‌ಗೆ 5,000, ರ‍್ಯಾಪರ್‌ಗೆ 5,000 ಕೊಟ್ಟರೆ ನಿಮ್ಮಿಬ್ಬರಿಗೆ ಉಳಿಯುವುದು ತಲಾ 1,000. ಐದು ಜನ ಸಮವಾಗಿ ಹಂಚಿಕೊಳ್ಳುತ್ತಿದ್ದಾಗ ತಲೆಗೆ 2,400 ಬರುತ್ತಿತ್ತು. ನಷ್ಟ ಆದ ಶೋನಲ್ಲೂ ಆ ಇಬ್ಬರಿಗೆ ಕೊಡಲೇಬೇಕು, ಅದು ನಿಮ್ಮ ಜೇಬಿನಿಂದ ಹೋಗುತ್ತದೆ. ಬದಲಿಗೆ ಹೆಸರು, ರೆಕಾರ್ಡಿಂಗ್, ತೀರ್ಮಾನ ನಿಮ್ಮ ಕೈಯಲ್ಲಿ ಇರುತ್ತದೆ. ಈ ಲೆಕ್ಕ ನಿಮಗೆ ಒಪ್ಪಿಗೆಯಾ ಅಂತ ಬೇಸಿಸ್ಟ್ ಜೊತೆ ಕೂತು ಮಾತಾಡಿ. ಒಪ್ಪಿಗೆ ಇಲ್ಲ ಅಂದರೆ ಎಲ್ಲರೂ ಪಾಲುದಾರರಾಗಿರುವ ಬ್ಯಾಂಡೇ ಒಳ್ಳೆಯದು. ಆದರೆ ಆಗ ಕಾಗದ ಬೇಕೇ ಬೇಕು. ಏನೂ ಬರೆದಿಡದೆ ಲಾಭ ಹಂಚಿಕೊಂಡು ನಡೆಸುವುದನ್ನು ಕಾನೂನು ಪಾಲುದಾರಿಕೆ ಅಂತ ನೋಡಬಹುದು. 1932ರ ಪಾಲುದಾರಿಕೆ ಕಾಯಿದೆ ಪ್ರಕಾರ ಬೇರೆ ಒಪ್ಪಂದ ಇಲ್ಲದಿದ್ದರೆ ಪಾಲು ಸಮ, ಇಂತಿಷ್ಟು ಕಾಲ ಅಂತ ಗೊತ್ತು ಮಾಡಿರದಿದ್ದರೆ ಒಬ್ಬರು ನೋಟಿಸ್ ಕೊಟ್ಟು ಮುಗಿಸಲೂಬಹುದು.

ಆ ಕಾಗದ ಒಂದು ಪುಟ ಸಾಕು. ಬಿಟ್ಟು ಹೋಗುವವರಿಗೆ ಹೆಸರಿನ ಮೇಲೆ ಹಕ್ಕು ಇದೆಯಾ ಇಲ್ಲವಾ, ಹಳೇ ಹಾಡಿನ ದುಡ್ಡು ಯಾವ ತಿಂಗಳು ಯಾರು ಕಳಿಸುತ್ತಾರೆ, ಸಾಹಿತ್ಯವನ್ನು ಸ್ಟೇಜ್ ಮೇಲೆ ಬಳಸಬಹುದಾ, ಪಾಸ್‌ವರ್ಡ್‌ಗಳು ಎಷ್ಟು ಜನರ ಹತ್ತಿರ ಇರುತ್ತವೆ. ನಿಮ್ಮ ಇಪಿಯನ್ನು ಆನ್‌ಲೈನ್ ಸಂಗೀತ ಆ್ಯಪ್‌ಗಳಿಗೆ ಕಳಿಸಿರುವ ಡಿಸ್ಟ್ರಿಬ್ಯೂಷನ್ ಅಕೌಂಟ್ ನಿಮ್ಮೊಬ್ಬರ ಹೆಸರಲ್ಲಿ ಇದ್ದರೆ ಮೊದಲು ಅದರ ಲೆಕ್ಕವನ್ನು ತೆಗೆದು ಎಲ್ಲರ ಮುಂದೆ ಇಡಿ, ಬಂದಿರುವುದು ಎಂಟುನೂರು ರೂಪಾಯಿಯೇ ಆಗಿದ್ದರೂ. ಪುಣೆಯಲ್ಲಿರುವ ಡ್ರಮ್ಮರ್‌ಗೂ ಫೋನ್ ಮಾಡಿ ಅವನ ಪಾಲು ಕಳಿಸಿ. ಅವನು ಬ್ಯಾಂಡ್ ಬಿಟ್ಟಿದ್ದಾನೆ, ಆ ಐದು ಹಾಡಿನಿಂದ ಹೊರಗೆ ಹೋಗಿಲ್ಲ.

ಆಮೇಲೆ ರ‍್ಯಾಪರ್ ಜೊತೆ ಕೂರಿ. ರಿಹರ್ಸಲ್ ರೂಮಿನಲ್ಲಿ ಬೇಡ, ಎಲ್ಲರ ಎದುರೂ ಬೇಡ, ಚಹಾ ಅಂಗಡಿಯಲ್ಲಿ ನೀವಿಬ್ಬರೇ ಕೂರಿ. ಹೋಗುವಾಗ ಒಂದು ಪೆನ್‌ಡ್ರೈವ್ ತೆಗೆದುಕೊಂಡು ಹೋಗಿ. ಅದರಲ್ಲಿ ಐದೂ ಹಾಡಿನ ಪೂರ್ತಿ ಮಲ್ಟಿಟ್ರ್ಯಾಕ್ ಇರಲಿ, ಅವನ ದನಿ, ನಿಮ್ಮ ಗಿಟಾರ್, ಹಳೇ ಡ್ರಮ್ಮರ್‌ನ ಸ್ನೇರ್, ಎಲ್ಲ. ಹೆಸರಿನ ಮಾತು ಎತ್ತುವ ಮೊದಲು ಅದನ್ನು ಅವನ ಕೈಗೆ ಕೊಡಿ.